ಹೆದರಿಕೆಗೂ ಒಂದು ಕಾರಣ ಇರುತ್ತೆ

ಸಂಪಾದಕರೇ,

ಆಫ್ರಿಕಾದಲ್ಲಿ ಜನ ಕೋವಿಡ್ ಲಸಿಕೆಗೆ ಹಿಂಜರಿದರು ಅಂದ ಕೂಡಲೇ ‘ಮೂಢನಂಬಿಕೆ’ ಅಂತ ಷರಾ ಬರೆದುಬಿಡುತ್ತೇವೆ, ಅಲ್ವಾ? ಮಲಾವಿ ದೇಶದ ಕಥೆ ನೋಡಿ. 2021ರ ಮಾರ್ಚ್ ಕೊನೆಯಲ್ಲಿ ಆಫ್ರಿಕನ್ ಒಕ್ಕೂಟದ ಮೂಲಕ ಅಲ್ಲಿಗೆ 1.02 ಲಕ್ಷ ಡೋಸ್ ಆಸ್ಟ್ರಾಜೆನೆಕಾ ಬಂತು. ಅವಧಿ ಮುಗಿಯುವುದು ಏಪ್ರಿಲ್ 13ಕ್ಕೆ! ಮೂರು ವಾರವೂ ಇಲ್ಲ. ಅಷ್ಟರಲ್ಲೇ ಹೆಚ್ಚಿನ ಪಾಲು ಹಾಕಿ ಮುಗಿಸಿದರು, ಅದೇ ದೊಡ್ಡದು. ಆದರೆ ಹಳೇ ಲಸಿಕೆ ಚುಚ್ಚುತ್ತಾರಂತೆ ಅನ್ನುವ ಸುದ್ದಿ ಹಬ್ಬಿ ಜನ ಹಿಂದೇಟು ಹಾಕಿದರು. ಕೊನೆಗೆ ಮೇ ತಿಂಗಳಲ್ಲಿ ಸರ್ಕಾರ ಉಳಿದ 19,610 ಡೋಸ್‌ಗಳನ್ನು ಎಲ್ಲರಿಗೂ ಗೊತ್ತಾಗುವ ಹಾಗೆ ಸುಟ್ಟಿತು. ಜನರ ನಂಬಿಕೆ ಉಳಿಸಿಕೊಳ್ಳಲು ಲಸಿಕೆ ಸುಡಬೇಕಾಯಿತು ಅಂದರೆ ಏನು ಹೇಳೋಣ! ಅದೇ ವರ್ಷ ಡಿಸೆಂಬರ್‌ನಲ್ಲಿ ನೈಜೀರಿಯಾ ಕೂಡ ಹತ್ತು ಲಕ್ಷಕ್ಕೂ ಜಾಸ್ತಿ ಡೋಸ್ ನಾಶ ಮಾಡಿತು.

ನೈಜೀರಿಯಾದ ಕಾನೋದಲ್ಲಂತೂ ಅನುಮಾನ ಇನ್ನೂ ಹಳೆಯದು. 1996ರಲ್ಲಿ ಮೆದುಳು ಜ್ವರ ಹಬ್ಬಿದ್ದಾಗ ಫೈಜರ್ ಕಂಪನಿ ಅಲ್ಲಿನ ಮಕ್ಕಳ ಮೇಲೆ ಟ್ರೋವನ್ ಔಷಧಿ ಪ್ರಯೋಗಿಸಿತು. ಹೆತ್ತವರಿಗೆ ಸರಿಯಾಗಿ ತಿಳಿಸಲಿಲ್ಲ ಅನ್ನುವ ಆರೋಪ ಬಂತು, ವರ್ಷಗಟ್ಟಲೆ ಕೇಸು ನಡೆದು 2009ರಲ್ಲಿ ರಾಜಿಯಾಯಿತು. ಆ ನಡುವೆ 2003ರಲ್ಲಿ ಕಾನೋ ರಾಜ್ಯ ಪೋಲಿಯೊ ಹನಿಯನ್ನೇ ನಿಲ್ಲಿಸಿತ್ತು, ರೋಗ ಪಕ್ಕದ ದೇಶಗಳಿಗೂ ಹರಡಿತು. ಲಸಿಕೆ ನಿಲ್ಲಿಸಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಭಯ ಆಕಾಶದಿಂದ ಉದುರಿದ್ದಲ್ಲ.

ನಾವೂ ಪೂರ್ತಿ ಹೊರಗಿನವರಲ್ಲ. 2021ರಲ್ಲಿ ಎರಡನೇ ಅಲೆ ಬಂದಾಗ ಭಾರತ ಲಸಿಕೆ ರಫ್ತು ತಡೆಯಿತು. ನಮ್ಮ ಕಷ್ಟ ನಮಗಿತ್ತು, ನಿಜ. ಪುಣೆಯ ಲಸಿಕೆ ನಂಬಿಕೊಂಡಿದ್ದ ಬಡ ದೇಶಗಳು ಮಾತ್ರ ತಿಂಗಳುಗಟ್ಟಲೆ ಕಾದವು.

– ಒಬ್ಬ ಓದುಗ