ಕೈ ಉಳಿಸಿಕೋ, ಕಾರ್ತಿ

ಓಕ್ಲೆಂಡ್
ಭಾನುವಾರ ಬೆಳಿಗ್ಗೆ

ಪ್ರೀತಿಯ ಕಾರ್ತಿಗೆ ಮಾವನ ಆಶೀರ್ವಾದಗಳು.

ಮೊನ್ನೆ ರಾತ್ರಿ ಅಕ್ಕ ಫೋನ್ ಮಾಡಿದ್ದಳು. ಮುಕ್ಕಾಲು ಗಂಟೆ ಮಾತಾಡಿದಳು. ನೀನು ಕೆಲಸಕ್ಕೆ ರಾಜೀನಾಮೆ ಕೊಟ್ಟು ಬ್ಯಾಂಡನ್ನೇ ನೆಚ್ಚಿಕೊಂಡು ಬದುಕುತ್ತೇನೆ ಅಂದೆಯಂತೆ. "ನೀನೂ ಒಂದು ಕಾಲದಲ್ಲಿ ಅವನ ಹಾಗೇ ಡ್ರಮ್ಸ್ ಬಡಿದವನು, ನೀನೇ ಅವನಿಗೆ ಬುದ್ಧಿ ಹೇಳು" ಅಂದಳು. ಫೋನ್ ಇಟ್ಟ ಮೇಲೆ ನೀನು ಕಳಿಸಿದ್ದ ರೆಕಾರ್ಡಿಂಗ್ ಹಾಕಿಕೊಂಡು ಕೂತೆ. ಮೂರು ಸಲ ಕೇಳಿದೆ. ಚೆನ್ನಾಗಿ ಬಾರಿಸುತ್ತೀಯ ಕಣೋ. ಎರಡನೇ ಹಾಡಿನಲ್ಲಿ ಓಟ ನಿಂತು ವೇಗ ಅರ್ಧಕ್ಕೆ ಇಳಿಯುವ ಜಾಗ ಇದೆಯಲ್ಲ, ಅಲ್ಲಿ ಸ್ನೇರ್ ಡ್ರಮ್ಮಿನ ಏಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಆ ಭಾರ ಹೇಳಿಕೊಟ್ಟು ಬರುವಂಥದ್ದಲ್ಲ.

ಹಾಗಾಗಿ ಬಿಟ್ಟುಬಿಡು ಅಂತ ನಾನು ಹೇಳುವುದಿಲ್ಲ. ನಲವತ್ತು ವರ್ಷ ಬಾರಿಸಬೇಕಾದರೆ ಏನು ಮಾಡಬೇಕು ಅಂತ ಹೇಳುತ್ತೇನೆ. ನಾಲ್ಕೇ ವರ್ಷಕ್ಕೆ ನಿಲ್ಲಿಸಬೇಕಾಗಿ ಬಂದವನು ನಾನು. ಅದಕ್ಕೇ ಈ ಕಾಗದ.

ನಾನು ಓದಲು ಕ್ಯಾಲಿಫೋರ್ನಿಯಾದ ಬರ್ಕ್‌ಲಿಗೆ ಬಂದಿದ್ದು 1985ರಲ್ಲಿ. ಸ್ಯಾನ್ ಪ್ಯಾಬ್ಲೊ ರಸ್ತೆಯಲ್ಲಿ ರೂಥೀಸ್ ಇನ್ ಅಂತ ಒಂದು ಕ್ಲಬ್ ಇತ್ತು. ಕೂದಲು ಕತ್ತರಿಸಿಕೊಂಡ ಪಂಕ್ ಹುಡುಗರು, ಉದ್ದ ಕೂದಲಿನ ಮೆಟಲ್ ಹುಡುಗರು, ಇಬ್ಬರೂ ಬರುತ್ತಿದ್ದ ಜಾಗ. ಬೇರೆ ಕಡೆಯಾದರೆ ಇವರಿಗೂ ಅವರಿಗೂ ಹೊಡೆದಾಟವೇ ಆಗುತ್ತಿತ್ತು. ಇಲ್ಲಿ ಒಂದೇ ವೇದಿಕೆಯ ಮುಂದೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಆ ಪಂಕ್, ಮೆಟಲ್ ಎರಡೂ ಸಂಗೀತ ಬೆರೆಸಿ ನೀನು ಇವತ್ತು ಕ್ರಾಸೋವರ್ ಥ್ರ್ಯಾಶ್ ಅಂತ ಬಾರಿಸುತ್ತಿರುವುದು ಇಂಥ ಜಾಗಗಳಲ್ಲೇ ಬೆಳೆದಿದ್ದು.

ಡಿ.ಆರ್.ಐ. ಬ್ಯಾಂಡ್ ನಿನಗೆ ಗೊತ್ತೇ ಇದೆ. 1982ರಲ್ಲಿ ಟೆಕ್ಸಸ್‌ನ ಹೂಸ್ಟನ್‌ನಲ್ಲಿ ಶುರುವಾಗಿ ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದವರು. ಬಂದ ಹೊಸದರಲ್ಲಿ ವ್ಯಾನಿನಲ್ಲೇ ಮಲಗುತ್ತಿದ್ದರು. ಬಡವರಿಗೆ ಪುಕ್ಕಟೆ ಊಟ ಹಾಕುವ ಕಡೆ ಹೋಗಿ ಉಣ್ಣುತ್ತಿದ್ದರು. ನೀನು ಅವರ ಟೀ ಶರ್ಟ್ ಹಾಕಿಕೊಂಡು ಓಡಾಡುತ್ತೀಯ ಅಂತ ಇದನ್ನು ಹೇಳುತ್ತಿದ್ದೇನೆ.

ಅವರ ಎರಡು ರೆಕಾರ್ಡುಗಳನ್ನು ಒಂದಾದ ಮೇಲೊಂದು ಕೇಳು. 1983ರ ಮೊದಲ ಪುಟ್ಟ ರೆಕಾರ್ಡಿನಲ್ಲಿ ಸುಮಾರು 18 ನಿಮಿಷಕ್ಕೆ 22 ಹಾಡು. ಬಾರಿಸಿದ್ದು ಹಾಡುಗಾರನ ಅಣ್ತಮ್ಮ ಎರಿಕ್ ಬ್ರೆಕ್ಟ್. ಒಂದೊಂದು ಹಾಡೂ ಬೆಂಕಿಕಡ್ಡಿ ಗೀರಿದ ಹಾಗೆ ಹತ್ತಿ ಆರಿ ಹೋಗುತ್ತದೆ. ಆಮೇಲೆ 1987ರ 'ಕ್ರಾಸೋವರ್' ಕೇಳು. ಈ ಬಗೆಯ ಸಂಗೀತಕ್ಕೆ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡಿದ್ದೇ ಆ ಆಲ್ಬಮ್‌ನಿಂದ. ಅದರಲ್ಲಿರುವುದು 12 ಹಾಡು. ಡ್ರಮ್ಸ್ ಮೇಲೆ ಫೀಲಿಕ್ಸ್ ಗ್ರಿಫಿನ್. ಹಾಡು ಉದ್ದ ಆಗಿದೆ, ಮಧ್ಯೆ ನಿಧಾನದ ಭಾಗಗಳು ಬಂದಿವೆ, ಮತ್ತೆ ಓಟಕ್ಕೆ ಏರುತ್ತದೆ. ಎರಡಕ್ಕೂ ನಡುವೆ ನಾಲ್ಕೇ ವರ್ಷ. ಅಷ್ಟರಲ್ಲಿ ಡ್ರಮ್ಮರ್ ಕೆಲಸವೇ ಬದಲಾಗಿಹೋಯಿತು. ಮೊದಲು ಓಡಿದರೆ ಸಾಕಿತ್ತು. ಆಮೇಲೆ ಓಡುವುದು, ನಿಲ್ಲುವುದು, ಭಾರ ಹೊತ್ತು ನಡೆಯುವುದು, ಮತ್ತೆ ಓಡುವುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮಾಡಬೇಕಾಯಿತು. ನಿನ್ನ ವಯಸ್ಸಿನ ಹುಡುಗರು ವೇಗ ಒಂದನ್ನೇ ಅಭ್ಯಾಸ ಮಾಡುತ್ತಾರೆ. ತಾಳ ಹಾಕುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬೀಟಿಗೆ ಇಟ್ಟುಕೊಂಡು ಇಪ್ಪತ್ತು ನಿಮಿಷ ಬಾರಿಸಿ ನೋಡು. ಎಲ್ಲಿ ಅವಸರ ಮಾಡುತ್ತೀಯ ಅಂತ ಅಲ್ಲಿ ಗೊತ್ತಾಗುತ್ತದೆ.

ಈಗ ಕೈ ವಿಷಯಕ್ಕೆ ಬರುತ್ತೇನೆ. ನಾನು ಮುಖ್ಯವಾಗಿ ಹೇಳಬೇಕಾಗಿರುವುದೇ ಇದು.

ಒಂದು ಸಣ್ಣ ಲೆಕ್ಕ ಹಾಕು. ನಿಮಿಷಕ್ಕೆ 200ರ ವೇಗದಲ್ಲಿ, ಬೀಟಿಗೆ ಎರಡು ಏಟಿನಂತೆ, ನಿನ್ನ ಬಲಗೈ ನಿಮಿಷಕ್ಕೆ 400 ಸಲ ಬೀಳುತ್ತದೆ. ವೇದಿಕೆ ಮೇಲಿನ ಅರ್ಧ ಗಂಟೆಯ ಸೆಟ್‌ನಲ್ಲಿ ಬಿಡುವು, ನಿಧಾನದ ಭಾಗ ಎಲ್ಲ ಕಳೆದರೂ ಏಳೆಂಟು ಸಾವಿರ ಏಟು. ಒಂದು ರಾತ್ರಿಗೆ, ಒಂದು ಕೈಗೆ. ಸ್ಟಿಕ್ಕನ್ನು ಮುಷ್ಟಿ ಬಿಗಿದು ಹಿಡಿದರೆ ಪ್ರತಿ ಏಟಿನ ಅದುರೂ ಮಣಿಕಟ್ಟಿಗೇ ಬರುತ್ತದೆ. ನನ್ನ ತಪ್ಪು ಅದೇ. ಜೋರಾಗಿ ಕೇಳಬೇಕು ಅಂದರೆ ಬಿಗಿಯಾಗಿ ಹಿಡಿಯಬೇಕು ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಮೇಲೆ 1988ರಿಂದ ಶನಿವಾರ, ಭಾನುವಾರ ಒಂದು ಸಣ್ಣ ಬ್ಯಾಂಡಿನಲ್ಲಿ ಬಾರಿಸುತ್ತಿದ್ದೆ. ಮೂರನೇ ವರ್ಷ ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದು ಎಚ್ಚರ ಆಗುವುದಕ್ಕೆ ಶುರುವಾಯಿತು. ಕೈ ಕೊಡವಿಕೊಂಡು ಮತ್ತೆ ಮಲಗುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಒಂದು ದಿನ ಕಾಫಿ ಲೋಟ ಕೈಯಿಂದ ಜಾರಿ ಬಿತ್ತು. ಆಮೇಲೆ ಡಾಕ್ಟರ ಹತ್ತಿರ ಹೋದೆ. ಅಷ್ಟು ಹೊತ್ತಿಗೆ ತಡವಾಗಿತ್ತು.

ಇದು ನನ್ನಂಥವನಿಗೆ ಮಾತ್ರ ಬಂದಿದ್ದಲ್ಲ. ಚಾರ್ಲಿ ಬೆನಾಂಟೆ ಗೊತ್ತಲ್ಲ? ಆಂಥ್ರಾಕ್ಸ್ ಬ್ಯಾಂಡಿನ ಡ್ರಮ್ಮರ್. 1985ರಲ್ಲಿ ಎಸ್.ಒ.ಡಿ. ಅಂತ ಒಂದು ಬ್ಯಾಂಡ್ ಕಟ್ಟಿಕೊಂಡು ಮೂರೇ ದಿನದಲ್ಲಿ ಒಂದು ಆಲ್ಬಮ್ ಮುಗಿಸಿದರಲ್ಲ, ಅದರಲ್ಲಿ ಬಾರಿಸಿದವರು. ಬ್ಲಾಸ್ಟ್ ಬೀಟ್ ಅನ್ನೋ ಬಿರುಸಿನ ಏಟುಗಳ ಓಟವನ್ನು ಎಷ್ಟೋ ಜನ ಮೊದಲು ಕೇಳಿದ್ದೇ ಅವರ ಕೈಯಲ್ಲಿ. ಆಗ ಅವರಿಗೆ 22 ವರ್ಷ. ಅಂಥವರಿಗೂ ಆಮೇಲೆ ಕಾರ್ಪಲ್ ಟನಲ್ ತೊಂದರೆ ಬಂತು. ಮಣಿಕಟ್ಟಿನೊಳಗೆ ನರ ಅದುಮಿಕೊಳ್ಳುವ ತೊಂದರೆ ಅದು. 2010ರ ದಶಕದಲ್ಲಿ ಕೆಲವು ಟೂರುಗಳಿಗೆ ಅವರು ಹೋಗಲಾಗಲಿಲ್ಲ. ಅವರ ಜಾಗದಲ್ಲಿ ಬೇರೆಯವರು ಕೂತು ಬಾರಿಸಿದರು. ಆದರೆ ಅವರು ಕೈಚೆಲ್ಲಲಿಲ್ಲ. ಆಗದ ಕಡೆ ಆಗಲ್ಲ ಅಂದರು, ಕೈಗೆ ಬಿಡುವು ಕೊಟ್ಟರು. 2022ರ ಕೊನೆಯಿಂದ ಪ್ಯಾಂಟೆರಾ ಬ್ಯಾಂಡಿಗೂ ಅವರೇ ಬಾರಿಸುತ್ತಿದ್ದಾರೆ, ಅರವತ್ತು ತುಂಬಿದ ಮೇಲೆ.

ಹೆಬ್ಬೆರಳು, ತೋರುಬೆರಳ ನಡುವೆ ಸ್ಟಿಕ್ಕು ತಕ್ಕಡಿಯ ಹಾಗೆ ಆಡಬೇಕು. ಉಳಿದ ಮೂರು ಬೆರಳು ಸುಮ್ನೆ ಜೊತೆಗಿರಬೇಕು. ಏಟು ಬಿದ್ದ ಮೇಲೆ ಡ್ರಮ್ಮಿನ ಚರ್ಮವೇ ಸ್ಟಿಕ್ಕನ್ನು ಮೇಲಕ್ಕೆ ಎಸೆಯುತ್ತದೆ, ನೀನು ಎತ್ತಬೇಕಾಗಿಲ್ಲ. ನಿನ್ನ ವಿಡಿಯೊದಲ್ಲಿ ಕೊನೆಯ ಹಾಡಿನ ಹೊತ್ತಿಗೆ ನಿನ್ನ ಬಲಗೈ ಗೆಣ್ಣುಗಳು ಬೆಳ್ಳಗಾಗಿವೆ. ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ನನಗೆ ಹೆದರಿಕೆ ಆಗಿದ್ದು ಅದಕ್ಕೆ, ನಿನ್ನ ರಾಜೀನಾಮೆಗಲ್ಲ.

ಕಿವಿಯದೂ ಅಷ್ಟೇ. ಇಲ್ಲಿಯ ಕೆಲಸಗಾರರ ಆರೋಗ್ಯದ ಸಂಸ್ಥೆ ನಯೋಷ್ ಪ್ರಕಾರ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಮೂರು ಡೆಸಿಬಲ್ ಏರಿದಾಗಲೆಲ್ಲ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಆದರೆ ಹದಿನೈದೇ ನಿಮಿಷ. ನಿನ್ನ ಸಿಂಬಲ್ ತಟ್ಟೆ ಕಿವಿಯಿಂದ ಎರಡಡಿ ದೂರದಲ್ಲಿದೆ. ಮೂವತ್ತು ವರ್ಷದಿಂದ ನನ್ನ ಎಡಗಿವಿಯಲ್ಲಿ ಒಂದು ಸಣ್ಣ ಶಿಳ್ಳೆ ನಿಂತಿಲ್ಲ. ಈಗ ಇದನ್ನು ಬರೆಯುವಾಗಲೂ ಕೇಳುತ್ತಿದೆ. ಹತ್ತಿ ತುರುಕಿಕೊಂಡರೆ ಸಾಲದು. ಕಿವಿಯ ಅಚ್ಚು ತೆಗೆಸಿ ಮಾಡಿಸುವ ಪ್ಲಗ್ಗೇ ಬೇಕು. ದುಡ್ಡು ನಾನು ಕಳಿಸುತ್ತೇನೆ. ಈ ವಾರವೇ ಹೋಗಿ ಮಾಡಿಸಿಕೋ.

ಇನ್ನು ಬ್ಯಾಂಡ್ ಮತ್ತು ದುಡ್ಡು.

2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಭಾರತೀಯ ಸಿಟಿಯಲ್ಲಿ ಸ್ಲೇಯರ್ ಬ್ಯಾಂಡ್ ಬಾರಿಸಿದಾಗ ನೀನು ಇನ್ನೂ ಸ್ಕೂಲ್ ಹುಡುಗ. ಅಕ್ಕ ಕಳಿಸಲಿಲ್ಲ ಅಂತ ಎರಡು ದಿನ ಮಾತು ಬಿಟ್ಟಿದ್ದೆಯಂತೆ. ಅವತ್ತು ಡ್ರಮ್ಸ್ ಮೇಲೆ ಇದ್ದವರು ಡೇವ್ ಲೊಂಬಾರ್ಡೊ. ಬ್ಯಾಂಡ್ ಶುರುವಾದಾಗಿನಿಂದ ಇದ್ದವರು. ನಡುವೆ ಬಿಟ್ಟುಹೋಗಿ ಮತ್ತೆ ಬಂದಿದ್ದವರು. ಅದಾಗಿ ನಾಲ್ಕೇ ತಿಂಗಳು. 2013ರ ಫೆಬ್ರುವರಿಯಲ್ಲಿ ಹಣದ ಲೆಕ್ಕದ ತಕರಾರಿನಲ್ಲಿ ಅವರು ಆ ಬ್ಯಾಂಡಿನಿಂದ ಹೊರಗೆ. ಜಗತ್ತಿನ ಅರ್ಧ ಡ್ರಮ್ಮರ್‌ಗಳು ಅವರನ್ನು ನೋಡಿ ಕಲಿತವರು, ಆದರೂ ಹೀಗಾಯಿತು. ಯಾರದು ಸರಿ, ಯಾರದು ತಪ್ಪು ಅಂತ ದೂರದಲ್ಲಿ ಕೂತು ತೀರ್ಪು ಕೊಡುವುದಕ್ಕೆ ನಾನು ಹೋಗುವುದಿಲ್ಲ. ಆದರೆ 2016ರಲ್ಲಿ ಅವರು ಸುಯಿಸೈಡಲ್ ಟೆಂಡೆನ್ಸೀಸ್ ಬ್ಯಾಂಡ್ ಸೇರಿ ಅದೇ ವರ್ಷ ಆಲ್ಬಮ್ ಮಾಡಿದರು ನೋಡು, ಅದು ನನಗೆ ಮುಖ್ಯ. ಕ್ರಾಸೋವರ್‌ನ ದೊಡ್ಡ ಮನೆ ಅದು, ಕ್ಯಾಲಿಫೋರ್ನಿಯಾದ ವೆನಿಸ್‌ನವರು. ಒಂದು ಬಾಗಿಲು ಮುಚ್ಚಿದಾಗ ಅವರ ಕೈ ಕೆಲಸ ಮಾಡುವ ಸ್ಥಿತಿಯಲ್ಲೇ ಇತ್ತು.

ಹೀಗೆ ಮನೆ ಬದಲಾಯಿಸಿದವರು ತುಂಬ ಜನ. ಮ್ಯಾಕಿ ಜೇಸನ್ 1986ರಲ್ಲಿ ನ್ಯೂಯಾರ್ಕಿನ ಕ್ರೋ-ಮ್ಯಾಗ್ಸ್‌ನ ಮೊದಲ ಆಲ್ಬಮ್‌ಗೆ ಬಾರಿಸಿದರು. ಮೂರು ವರ್ಷದ ಮೇಲೆ ಬ್ಯಾಡ್ ಬ್ರೇನ್ಸ್ ಆಲ್ಬಮ್‌ನಲ್ಲಿ ಅವರದೇ ಕೈ. ಮ್ಯುನಿಸಿಪಲ್ ವೇಸ್ಟ್‌ನ ಡೇವ್ ವಿಟ್ಟಿ ಅದಕ್ಕೂ ಮೊದಲು ನ್ಯೂ ಜೆರ್ಸಿಯ ಎಷ್ಟೋ ಬ್ಯಾಂಡುಗಳಲ್ಲಿ ಬಾರಿಸಿದವರು. ಇನ್ನೂ ಬಿರುಸಿನ ಗ್ರೈಂಡ್‌ಕೋರ್ ಸಂಗೀತದಲ್ಲಿ ಪಳಗಿದ ಕೈ ತಂದು ರಿಚ್ಮಂಡ್‌ನ ಈ ವೇಸ್ಟ್ ಹುಡುಗರ ಜೊತೆ ಕೂತರು.

ಬ್ಯಾಂಡ್ ನಿನ್ನ ಕೈಯಲ್ಲಿಲ್ಲದ ಕಾರಣಕ್ಕೂ ನಿಂತುಹೋಗುತ್ತದೆ. 2020ರ ಆಗಸ್ಟ್‌ನಲ್ಲಿ ಡಲ್ಲಾಸ್‌ನ ಪವರ್ ಟ್ರಿಪ್‌ನ ಹಾಡುಗಾರ ರೈಲಿ ಗೇಲ್ ತೀರಿಕೊಂಡ. 34 ವರ್ಷ. ಇವರೇ ಮುಂದಿನವರು ಅಂತ ಎಲ್ಲರೂ ಹೇಳುತ್ತಿದ್ದ ಬ್ಯಾಂಡ್ ಅದು. ಹೊಸ ಹಾಡುಗಾರನ ಜೊತೆ ಮತ್ತೆ ವೇದಿಕೆಗೆ ಬರುವುದಕ್ಕೆ 2023ರ ಕೊನೆಯಾಯಿತು. ಅದೇ 2020ರ ಜನವರಿಯಲ್ಲಿ ಕರೋಷನ್ ಆಫ್ ಕನ್ಫಾರ್ಮಿಟಿ ಬ್ಯಾಂಡಿನ ಡ್ರಮ್ಮರ್ ರೀಡ್ ಮಲಿನ್ ಹೋದರು, 53 ವರ್ಷಕ್ಕೆ. ಅವರ 1985ರ ಆಲ್ಬಮ್ ನನ್ನ ಮೊದಲ ಕ್ಯಾಸೆಟ್ಟುಗಳಲ್ಲಿ ಒಂದು. ಆ ಸುದ್ದಿ ಬಂದ ದಿನ ಅದನ್ನು ಕಾರಿನಲ್ಲಿ ಹಾಕಿಕೊಂಡು ಸುಮ್ನೆ ಸೇತುವೆ ದಾಟಿ ವಾಪಸ್ ಬಂದೆ. ನನಗಿಂತ ಚಿಕ್ಕವರು.

ಆದ್ದರಿಂದ ಮೂರೂ ಮತ್ತೊಂದು ಮಾತು ಹೇಳುತ್ತೇನೆ. ಹಾಡು ಕಟ್ಟಿದ್ದರಲ್ಲಿ ನಿನ್ನ ಪಾಲಿದ್ದರೆ ನಿನ್ನ ಹೆಸರು ಬರೆಸು. ಹಾಡು ಬರೆದವರು ಅಂತ ಯಾರ ಹೆಸರಿದೆಯೋ ಅವರಿಗೆ ಆ ಪಾಲಿನ ರಾಯಲ್ಟಿ ಹೋಗುತ್ತದೆ. ಡ್ರಮ್ಮರ್ ಹೆಸರು ಎಷ್ಟೋ ಸಲ ಅಲ್ಲಿರುವುದೇ ಇಲ್ಲ. ಸ್ನೇಹಿತರ ನಡುವೆ ಕಾಗದ ಪತ್ರ ಯಾಕೆ ಅಂತ ಸಂಕೋಚ ಪಡಬೇಡ. ಸ್ನೇಹ ಚೆನ್ನಾಗಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಹಾಗೇ ಗಿಟಾರ್ ಒಂಚೂರು ಕಲಿ. ಬೆನಾಂಟೆ ಗಿಟಾರ್ ಹಿಡಿದು ಹಾಡಿನಲ್ಲಿ ಮತ್ತೆ ಮತ್ತೆ ಬರುವ ರಿಫ್ ಕಟ್ಟುತ್ತಾರೆ, ಆಂಥ್ರಾಕ್ಸ್‌ನ ಸಂಗೀತದಲ್ಲಿ ಬಹುಪಾಲು ಅವರದೇ. ಹಾಗಿರುವ ಡ್ರಮ್ಮರ್‌ನನ್ನು ಬ್ಯಾಂಡ್ ಅಷ್ಟು ಸುಲಭವಾಗಿ ಬದಲಾಯಿಸಲಾರದು.

ಒಂದು ಸಲ ನೆವಾಡಾದ ಒಂದು ಊರಿಗೆ ಆರು ಗಂಟೆ ವ್ಯಾನ್ ಓಡಿಸಿಕೊಂಡು ಹೋಗಿ ಬಾರಿಸಿದೆವು. ಒಪ್ಪಿಕೊಂಡಿದ್ದ ದುಡ್ಡು ಕೊಡಬೇಕಾದವನು ನಮ್ಮ ಸೆಟ್ ಮುಗಿಯುವಷ್ಟರಲ್ಲಿ ಹೊರಟುಹೋಗಿದ್ದ. ಪೆಟ್ರೋಲಿಗೆ ಟೀ ಶರ್ಟ್ ಮಾರಿದ ದುಡ್ಡೇ ಗತಿಯಾಯಿತು. ಅವತ್ತು ನನಗೆ ಸೋಮವಾರದ ಕೆಲಸ ಇತ್ತು, ಹಾಗಾಗಿ ನಿದ್ದೆ ಬಂತು. ನಮ್ಮ ಗಿಟಾರಿಸ್ಟ್‌ಗೆ ಬರಲಿಲ್ಲ.

ಕೆಲಸ ಈಗಲೇ ಬಿಡಬೇಡ ಕಾರ್ತಿ. ರಜೆ ಕೇಳು, ಸಂಬಳ ಇಲ್ಲದ ರಜೆಯಾದರೂ ಸರಿ. ಈ ಸಂಗೀತದಲ್ಲಿ ದೊಡ್ಡ ಹೆಸರಿನವರಲ್ಲೂ ಬೇರೆ ಕೆಲಸ ಇಟ್ಟುಕೊಂಡವರು ಜಾಸ್ತಿ ಇದ್ದಾರೆ, ಅದರಲ್ಲಿ ಅವಮಾನ ಏನೂ ಇಲ್ಲ. ಮುಂದಿನ ವರ್ಷದ ಅಮೆರಿಕ ಟೂರು ಅಂದೆಯಲ್ಲ, ಟೂರಿಸ್ಟ್ ವೀಸಾದಲ್ಲಿ ಬಂದು ದುಡ್ಡಿಗೆ ಬಾರಿಸುವಂತಿಲ್ಲ. ಬ್ಯಾಂಡುಗಳಿಗೆ ಪಿ-1 ಅಂತ ಬೇರೆ ವೀಸಾ ಇದೆ. ಅದಕ್ಕೆ ಇಲ್ಲಿಂದ ಅರ್ಜಿ ಹಾಕಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಆಯೋಜಕರು "ನೋಡಿಕೊಳ್ಳೋಣ ಬಿಡಿ" ಅಂದರೆ ನಂಬಬೇಡ. ಅರ್ಜಿಯ ಪ್ರತಿ ಕೇಳು, ನನಗೂ ಕಳಿಸು.

ಬಂದರೆ ನಮ್ಮ ಮನೆಯಲ್ಲೇ ಎಲ್ಲರೂ ಇಳಿದುಕೊಳ್ಳಿ. ಐದು ಜನಕ್ಕೆ ಜಾಗ ಇದೆ. ನಿಮ್ಮತ್ತೆ ಆಗಲೇ ಎಷ್ಟು ಚಪಾತಿ ಹಿಟ್ಟು ಬೇಕಾಗುತ್ತದೆ ಅಂತ ಕೇಳುತ್ತಿದ್ದಾಳೆ. ಜೊತೆಗೆ ಡ್ರಮ್ ಅಡಿಗೆ ಹಾಸುವ ನಿನ್ನದೇ ಜಮಖಾನ ತಾ. ಸಿಕ್ಕಿದ ನೆಲದ ಮೇಲೆ ಕೂತರೆ ಎರಡನೇ ಹಾಡಿಗೇ ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಮುಂದಕ್ಕೆ ಜಾರುತ್ತದೆ. ಅದನ್ನು ಕಾಲಲ್ಲಿ ಎಳೆದುಕೊಂಡು ಬಾರಿಸಲು ಹೋಗಿ ಸೊಂಟ ಹಿಡಿಯುತ್ತದೆ. ಸ್ಟೂಲು ಮತ್ತು ಪೆಡಲ್‌ಗಳ ಜಾಗವನ್ನು ಜಮಖಾನದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೋ. ಪ್ರತಿ ಊರಿನಲ್ಲೂ ನಿನ್ನ ಮೈಗೆ ಒಂದೇ ಅಳತೆ ಸಿಗುತ್ತದೆ.

ಅಕ್ಕನ ಹತ್ತಿರ ಜಗಳ ಆಡಬೇಡ. ಅವಳು ಹೆದರಿರುವುದು ನಿನ್ನ ಸಂಗೀತಕ್ಕಲ್ಲ. ನನ್ನ ಕೈ ನೋಡಿದವಳು ಅವಳು. ಆ ವರ್ಷ ಊರಿಗೆ ಬಂದಾಗ ನನಗೆ ಅನ್ನ ಕಲಸಿಕೊಟ್ಟಿದ್ದು ಅವಳೇ. ಒಂದು ದಿನ ಅವಳನ್ನು ಪ್ರಾಕ್ಟೀಸ್‌ಗೆ ಕರೆದುಕೊಂಡು ಹೋಗು. ಹೋಗುವಾಗ ಅವಳಿಗೂ ಒಂದು ಜೊತೆ ಇಯರ್ ಪ್ಲಗ್ ತಗೋ.

ಡಿಸೆಂಬರ್‌ನಲ್ಲಿ ಬರುವಾಗ ನನ್ನ ಹಳೆಯ ಸ್ನೇರ್ ತರುತ್ತೇನೆ. ನಿನ್ನೆ ಗ್ಯಾರೇಜಿನಿಂದ ಇಳಿಸಿ ಒರೆಸಿಟ್ಟೆ. ಅಡಿಯ ತಂತಿಗಳಲ್ಲಿ ಎರಡು ಕಿತ್ತುಹೋಗಿವೆ, ಡ್ರಮ್ಮಿನ ಮೈ ಮಾತ್ರ ಹಾಗೇ ಇದೆ. ಬರುವ ಮೊದಲು ತಂತಿ ಬದಲಾಯಿಸುತ್ತೇನೆ. ಮುಂದಿನ ಭಾನುವಾರ ಬಲಗೈ ಮಾತ್ರ ಕಾಣುವ ಹಾಗೆ ಹತ್ತು ನಿಮಿಷದ ವಿಡಿಯೊ ಕಳಿಸು. ನಿಧಾನದ್ದು, 60ರದ್ದು.

ನಿನ್ನ ಪ್ರೀತಿಯ
ಮಾವ