ನೀರುಕಲ್ಲಿಗೆ ಹೇಳಬಾರದ ಕೆಲಸ

ಪುಣೆ

ಚಿ. ವಿನಾಯಕನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನೀನು ಮಡಗಾಂವಿನಲ್ಲಿ ವೆಟ್ ಗ್ರೈಂಡರ್ ಕೊಂಡ ಸುದ್ದಿ ಹೇಳಿದರೆ ನಿನ್ನ ಕಾಕು, "ಪಾಪ, ದೋಸೆಹಿಟ್ಟೂ ತಾನೇ ರುಬ್ಬಿಕೋತಾನೇನು?" ಅಂದಳು. ಉಳಿ ಮಸೆಯೋದು ಅಂದಮೇಲೆ ಅವಳ ಉತ್ಸಾಹ ಇಳಿಯಿತು. ನನ್ನದು ಏರಿತು, ಅದಕ್ಕೇ ಈ ಕಾಗದ.

ಅರ್ಧ ಗಂಟೆ ಹಿಡಿದರೂ ಲೇತಿನಲ್ಲಿ ಮರದ ಬಟ್ಟಲು ಕೊರೆಯುವ ಬೌಲ್ ಗೌಜ್‌ಗೆ ಬಾಯಿ ಬರಲಿಲ್ಲ ಅಂದೆಯಲ್ಲ, ತಪ್ಪು ಕಲ್ಲಿನದಲ್ಲ. ನೀನು ಅದರ ಕೈಲಿ ಆಕಾರ ಮಾಡಿಸಲು ಹೊರಟಿದ್ದೀ. ಒಣ ಗ್ರೈಂಡರ್ ನಿಮಿಷಕ್ಕೆ 2,800ರ ಆಸುಪಾಸು ಸುತ್ತುತ್ತದೆ. ಟಾರ್ಮೆಕ್ ಕಂಪನಿಯದರಂಥ, ಕಲ್ಲು ನೀರಲ್ಲಿ ಅದ್ದಿ ತಿರುಗುವಂಥದು 90. ಕೋನ ಬದಲಿಸುವುದಿದ್ದರೆ ಮೊದಲು ಒಣ ಕಲ್ಲಿನಲ್ಲಿ ಬದಲಿಸಿಬಿಡು. ಆಮೇಲೆ ಅದೇ ಕೋನ ಕಾಯುವುದಷ್ಟೇ ನೀರುಕಲ್ಲಿನ ಕೆಲಸ.

ಒಣ ಕಲ್ಲಿನ ಪೆಟ್ಟು ನಾನು ತಿಂದಿದ್ದೇನೆ. ಬೋಹರಿ ಆಳಿಯಲ್ಲಿ ಕೊಂಡ ನನ್ನ ಮೊದಲ ಗೌಜ್ ಕಾರ್ಬನ್ ಸ್ಟೀಲಿನದು. ಅವಸರಕ್ಕೆ ಒತ್ತಿ ಹಿಡಿದೆ, ತುದಿ ನೀಲಿಗಟ್ಟಿತು. 300 ಡಿಗ್ರಿ ಹತ್ತಿರ ಕಾದು ಹದ ಹೋಗಿತ್ತು. ಆ ನೀಲಿಯನ್ನೆಲ್ಲ ತೇದು ತೆಗೆಯುವಷ್ಟರಲ್ಲಿ ಉಳಿ ಅರ್ಧ ಇಂಚು ಗಿಡ್ಡ. ನಿನ್ನವು ಹೈಸ್ಪೀಡ್ ಸ್ಟೀಲಿನವು, ಅಷ್ಟಕ್ಕೆಲ್ಲ ಹದ ಬಿಡುವುದಿಲ್ಲ. ಆದರೆ ಕಾದಾಗ ನೀರಿಗೆ ಅದ್ದಬೇಡ, ಕಣ್ಣಿಗೆ ಕಾಣದ ಬಿರುಕು ಬಿಡಬಹುದು.

ಉಳಿಯನ್ನು ಹಿಡಿದಿಡುವ ಜಿಗ್‌ನಿಂದ ಅದು ಎಷ್ಟು ಮುಂದೆ ಚಾಚಿದೆ, ಜಿಗ್ ಎಷ್ಟಕ್ಕೆ ಕೂತಿದೆ, ಜಿಗ್ ಆತುಕೊಳ್ಳುವ ಸಪೋರ್ಟ್ ಸಲಾಕೆ ಕಲ್ಲಿನಿಂದ ಎಷ್ಟು ದೂರ, ಈ ಮೂರನ್ನೂ ಪ್ರತಿ ಉಳಿಯ ಹಿಡಿಯ ಮೇಲೇ ಬರೆದಿಡು. ನೆನಪಿನ ಮೇಲೆ ಬಿಟ್ಟೆಯೋ, ಪ್ರತಿಸಲವೂ ಹೊಸ ಕೋನ, ಪ್ರತಿಸಲವೂ ಅರ್ಧ ಗಂಟೆ.

ಶುರು ಮಾಡುವ ಮುಂಚೆ ಬೆವೆಲ್‌ಗೆ, ಅಂದರೆ ಬಾಯಿಯ ಹಿಂದಿನ ಇಳಿಜಾರಿಗೆ, ಕಪ್ಪು ಮಾರ್ಕರ್ ಬಳಿ. ಕಲ್ಲನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿ ನೋಡು. ಹಿಂಬದಿ ಅಳಿಸಿ ಬಾಯಂಚಿನಲ್ಲಿ ಕಪ್ಪು ಉಳಿದಿದ್ದರೆ ನೀನು ಬಾಯಿಯನ್ನು ಮುಟ್ಟೇ ಇಲ್ಲ. ಅಂಚು ಮಾತ್ರ ಅಳಿಸಿದ್ದರೆ ಕೋನ ಮೊಂಡಾಗುತ್ತಿದೆ. ಪೂರ್ತಿ ಅಳಿಸಿದರೆ ಮೋಟಾರು ಹಾಕು.

ಹೊರಳಿಸುವಾಗ ಎಲ್ಲರ ಕೈಯೂ ಉಳಿಯ ತುದಿಯಾದ ಮೂಗಿನ ಹತ್ತಿರವೇ ನಿಲ್ಲುತ್ತದೆ, ನಿನ್ನದೂ ಅಷ್ಟೇ ಇರಬೇಕು. ಅಲ್ಲಿ ಲೋಹ ಬೇಗ ಸವೆಯುತ್ತದೆ. ಅಕ್ಕಪಕ್ಕದ ಎರಡೂ ಅಂಚುಗಳ, ಅಂದರೆ ರೆಕ್ಕೆಗಳ, ಮೇಲೆ ಹೊತ್ತು ಕಳೆ, ಮೂಗನ್ನು ಸವರಿ ದಾಟು. ಸಾಕೋ ಬೇಕೋ ಅನ್ನುವುದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡು: ಮೊಂಡು ಬಾಯಿ ಬಿಳಿ ಗೆರೆಯಂತೆ ಮಿನುಗುತ್ತದೆ, ಹರಿತವಾದದ್ದು ಮಿನುಗುವುದೇ ಇಲ್ಲ. ಚರ್ಮದ ಚಕ್ರಕ್ಕೆ ಪೇಸ್ಟ್ ಹಚ್ಚಿ ಎರಡು ಸಲ ಎಳೆದರೆ ಬರ್, ಅಂದರೆ ಬಾಯಂಚಿನಲ್ಲಿ ಎದ್ದ ಲೋಹದ ಸಿಬಿರು, ಉದುರುತ್ತದೆ. ಬೆರಳಿಟ್ಟು ನೋಡುವ ಚಟ ಮಾತ್ರ ಬಿಡು.

ಕೆಲಸ ಮುಗಿದ ಮೇಲೆ ತೊಟ್ಟಿಯ ನೀರು ಚೆಲ್ಲು. ನಿಂತ ಕಲ್ಲು ಒಂದೇ ಮಗ್ಗುಲಲ್ಲಿ ನೀರು ಹೀರಿ ಮರುದಿನ ತೂಕ ತಪ್ಪಿ ತಿರುಗುತ್ತದೆ. ಉಳಿಗೆ ಎಣ್ಣೆ ಸವರು, ನಿಮ್ಮ ಉಪ್ಪುಗಾಳಿಗೆ ಒಂದು ರಾತ್ರಿ ಸಾಕು.

ಗಣಪತಿ ಹಬ್ಬಕ್ಕೆ ಬರುವಾಗ ಆ ಗೌಜ್ ತಗೊಂಡು ಬಾ. ಭವಾನಿ ಪೇಠೆಯಿಂದ ಜಾಲಿಯ ತುಂಡೊಂದು ತಂದಿಟ್ಟಿದ್ದೇನೆ.

ಇಂತಿ,
ನಿನ್ನ ಕಾಕಾ