ಒಲೆ ಹಚ್ಚದ ಮಧ್ಯಾಹ್ನಕ್ಕೆ: ಮಗಳಿಗೊಂದು ಪತ್ರ

ಮಂಗಳೂರು, ಜುಲೈ

ಪ್ರೀತಿಯ ಪುಟ್ಟಿ,

ಮಧ್ಯಾಹ್ನ ಏನು ತಿಂದೆ ಅಂತ ಕೇಳಿದರೆ ಈಗ ನಿನ್ನದು ಒಂದೇ ಉತ್ತರ: "ಈ ಸೆಕೆಗೆ ಹಸಿವೇ ಆಗಲ್ಲ ಅಮ್ಮಾ." ಹಸಿವಿಗೇನೂ ಆಗಿಲ್ಲ, ಒಲೆ ಹಚ್ಚಲು ಮನಸ್ಸಿಲ್ಲ, ಅಷ್ಟೇ ಅಲ್ವಾ? ಇಟಲಿಯ ಆ ಫ್ಲಾರೆನ್ಸ್‌ನ ಜುಲೈ ಹೇಗಿರುತ್ತದೆ ಅಂತ ನಿನ್ನ ಜೊತೆ ಇದ್ದು ನಾನೂ ನೋಡಿದ್ದೇನೆ. ಸುತ್ತ ಗುಡ್ಡ, ನಡುವೆ ಆರ್ನೋ ನದಿ, ಒಂದು ಎಲೆ ಅಲ್ಲಾಡುವಷ್ಟೂ ಗಾಳಿ ಇಲ್ಲ. ನಿನ್ನದು ಬೇರೆ ಹಂಚಿನ ಮಾಡಿನ ಕೆಳಗಿನ ಕೊನೆಯ ಮಹಡಿ. ಅದರ ಜೊತೆಗೆ ಆ 3 ಕಿಲೋವ್ಯಾಟ್ ಮೀಟರ್! ಇಂಡಕ್ಷನ್ ಒಲೆ, ವಾಷಿಂಗ್ ಮೆಷಿನ್ ಎರಡನ್ನೂ ಒಟ್ಟಿಗೆ ಹಾಕಿದರೆ ಟಪ್ ಅಂತ ಕರೆಂಟ್ ಹೋಗುತ್ತದೆ. ಮತ್ತೆ ಮೆಟ್ಟಿಲು ಇಳಿದು ಸ್ವಿಚ್ ಎತ್ತಿ ಬರಬೇಕು. ಇಂಥದ್ದರಲ್ಲಿ ಅನ್ನ ಸಾರು ಮಾಡಿಕೋ ಅಂತ ಹೇಳುವಷ್ಟು ಕಟುಕಳಲ್ಲ ನಾನು.

ಆದರೆ ಬಿಸ್ಕತ್ತು ಊಟ ಅಲ್ಲ. ಐಸ್‌ಕ್ರೀಮೂ ಅಲ್ಲ. ಆ ಊರಿನವರೇ ಬೇಸಿಗೆಯಲ್ಲಿ ಮಾಡಿಕೊಳ್ಳುವ ಬಿಳಿ ಬೀನ್ಸ್ ಮತ್ತು ಟ್ಯೂನಾ ಸಲಾಡ್ ಇದೆಯಲ್ಲ, ಅದನ್ನು ಕಲಿತುಕೋ. ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದವರು ಬೀನ್ಸ್ ತಿನ್ನುವುದರಲ್ಲಿ ಹೆಸರು ಮಾಡಿದವರು. ಬೆಂಕಿ ಬೇಡ, ಕುಕ್ಕರ್ ಬೇಡ, ತೊಳೆಯಲು ಒಂದು ಬೋಗುಣಿ, ಒಂದು ಚಾಕು. ಅರ್ಧ ಟಿನ್ ಬೀನ್ಸ್, ಒಂದು ಚಿಕ್ಕ ಟಿನ್ ಮೀನು ಸೇರಿದರೆ ಸುಮಾರು 20 ಗ್ರಾಂ ಪ್ರೋಟೀನ್ ಸಿಗುತ್ತದೆ. ಸಂಜೆವರೆಗೆ ಧಾರಾಳ ಸಾಕು.

ತಣ್ಣಗಿರುವುದನ್ನು ಊಟ ಅನ್ನುತ್ತಾರಾ ಅಂತ ಅಜ್ಜಿ ಆಗಲೇ ಕೇಳಿದರು. ಅದೇ ಅಜ್ಜಿ ಮೇ ತಿಂಗಳಲ್ಲಿ ತಂಗಳು ಗಂಜಿಗೆ ಮೊಸರು ಬಿಟ್ಟು, ಹಸಿಮೆಣಸು ನುರಿದುಕೊಂಡು, ಮೂಲೆಯಲ್ಲಿ ಕೂತು ಸುಖವಾಗಿ ಉಣ್ಣುತ್ತಾರೆ. ಅದನ್ನು ನೆನಪಿಸಿದೆ. ಅದು ಬೇರೆ ಅಂದರು.

ಮೊದಲು ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಬೇಯಿಸದ ಸಲಾಡ್ ಅಂದರೆ ಹಸಿ ಬೀನ್ಸ್ ನೆನೆಸಿ ತಿನ್ನುವುದು ಅಂತ ತಿಳಿಯಬೇಡ. ಕೋಸಂಬರಿಗೆ ಹೆಸರುಬೇಳೆ ನೆನೆಸಿದರೆ ಸಾಕು, ಹಾಗೇ ತಿನ್ನಬಹುದು. ರಾಜ್ಮಾ ಜಾತಿಯ ಕಾಳಿಗೆ ಆ ಆಟ ನಡೆಯುವುದಿಲ್ಲ. ಹಸಿಯಾಗಿದ್ದಾಗ ಅದರಲ್ಲಿ ಲೆಕ್ಟಿನ್ ಅಂತ ಒಂದು ವಿಷದ ಅಂಶ ಇರುತ್ತದೆ. ಕೆಂಪು ರಾಜ್ಮಾದಲ್ಲಿ ಜಾಸ್ತಿ, ಬಿಳಿಯದರಲ್ಲಿ ಕಡಿಮೆ, ಆದರೂ ಇದೆ. ಕಾಳು ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದರೆ ಮಾತ್ರ ಅದು ಹೋಗುತ್ತದೆ. ಇಲ್ಲದಿದ್ದರೆ ಕೆಲವೇ ಗಂಟೆಯಲ್ಲಿ ವಾಂತಿ, ಭೇದಿ. ಸಣ್ಣ ಉರಿಯಲ್ಲಿ ಬರೀ ಬಿಸಿ ಮಾಡಿದರೂ ಅಪಾಯವೇ. ಅದಕ್ಕೇ ಟಿನ್‌ನ ಅಥವಾ ಗಾಜಿನ ಬಾಟಲಿಯ ಬೀನ್ಸ್ ತಾ. ಅದನ್ನು ತುಂಬಿ, ಮುಚ್ಚಳ ಬಿಗಿದ ಮೇಲೆ ಒತ್ತಡದ ಹಬೆಯಲ್ಲಿ ಬೇಯಿಸಿರುತ್ತಾರೆ. ಬೇಯಿಸುವ ಕೆಲಸ ಫ್ಯಾಕ್ಟರಿಯಲ್ಲೇ ಮುಗಿದಿದೆ, ಕರೆಂಟ್ ಬಿಲ್ಲೂ ಅವರದ್ದೇ.

ಲೇಬಲ್ ಮೇಲೆ ಕನೆಲ್ಲಿನಿ ಅಂತ ಇರುವುದನ್ನು ನೋಡು, ಆ ಬಿಳಿ ಬೀನ್ಸ್‌ನ ಹೆಸರೇ ಅದು. 400 ಗ್ರಾಂ ಟಿನ್‌ನಲ್ಲಿ ನೀರು ಬಸಿದರೆ 240 ಗ್ರಾಂ ಕಾಳು ಸಿಗುತ್ತದೆ, ನಿನಗೆ ಎರಡು ಹೊತ್ತಿಗೆ ಸರಿ. ಅದರ ಲೋಳೆ ನೀರನ್ನು ಚೆಲ್ಲಿ, ತೂತಿನ ಪಾತ್ರೆಯಲ್ಲಿ ಹಾಕಿ ನಲ್ಲಿ ಕೆಳಗೆ ಹಿಡಿ. ಹೀಗೆ ಬಸಿದು ತೊಳೆದರೆ ಉಪ್ಪಿನಂಶ ಹೆಚ್ಚುಕಡಿಮೆ 40% ಇಳಿಯುತ್ತದೆ. ಟಿನ್‌ನ ವಾಸನೆಯೂ ಹೋಗುತ್ತದೆ. ಆಮೇಲೆ ಕೆಟಲ್‌ನಲ್ಲಿ ಒಂದು ಲೋಟ ನೀರು ಬಿಸಿ ಮಾಡಿ ಕಾಳಿನ ಮೇಲೆ ಸುರಿ, ಒಂದೆರಡು ನಿಮಿಷ ಬಿಟ್ಟು ಬಸಿ. ಕೆಟಲ್ ಅಡುಗೆಯಲ್ಲಿ ಸೇರುವುದಿಲ್ಲ, ಜಗಳ ಮಾಡಬೇಡ. ಬೆಚ್ಚಗಿರುವ ಕಾಳು ಉಪ್ಪು ಹುಳಿ ಎಳೆದುಕೊಳ್ಳುತ್ತದೆ. ಫ್ರಿಜ್‌ನಿಂದ ತೆಗೆದ ಕಾಳಿಗೆ ಏನು ಹಾಕಿದರೂ ಹೊರಗೇ ಉಳಿಯುತ್ತದೆ.

ಈ ಸಲಾಡ್‌ನಲ್ಲಿ ಇರುವ ಕೆಲಸವೆಲ್ಲ ಯಾವುದನ್ನು ಯಾವಾಗ ಹಾಕುವುದು ಅನ್ನುವುದರಲ್ಲೇ ಇದೆ. ಕೋಸಂಬರಿಗೆ ಉಪ್ಪು ಕೊನೆಗೆ, ಬಡಿಸುವ ಹೊತ್ತಿಗೆ. ಮೊದಲೇ ಹಾಕಿದರೆ ಮುಳ್ಳುಸೌತೆ ನೀರು ಬಿಟ್ಟು ಎಲ್ಲ ಜೊಳಜೊಳ. ಇಲ್ಲಿ ಪೂರಾ ತಿರುಗಾಮುರುಗಾ. ಕಾಳಿಗೆ ಉಪ್ಪು, ಕಾಳುಮೆಣಸು, ನಿಂಬೆರಸ, ಎಣ್ಣೆ ಎಲ್ಲಕ್ಕಿಂತ ಮೊದಲು. ಒಂದು ಟಿನ್‌ಗೆ ಒಂದು ನಿಂಬೆಹಣ್ಣು, ಮೂರು ಚಮಚ ಆಲಿವ್ ಎಣ್ಣೆ. ನಿಂಬೆ ಇಲ್ಲದಿದ್ದರೆ ಕೆಂಪು ವೈನ್‌ನ ವಿನೆಗರ್ ಎರಡು ಚಮಚ. ಸೌಟು ಹಾಕಿ ತಿರುಗಿಸಬೇಡ, ಸಿಪ್ಪೆ ಬಿಟ್ಟು ಮುದ್ದೆಯಾಗುತ್ತದೆ. ಬೋಗುಣಿಯನ್ನೇ ಎರಡು ಕೈಯಲ್ಲಿ ಹಿಡಿದು ಕೊಡವು. ಅರ್ಧ ಗಂಟೆ ಹಾಗೇ ಬಿಡು. ಆಗ ಬಾಯಿಗೆ ಹಾಕಿ ನೋಡು, ಒಳಗಿನ ಹಿಟ್ಟಿನವರೆಗೂ ಹುಳಿ ಇಳಿದಿರುತ್ತದೆ. ಸೌತೆ ಅಥವಾ ಟೊಮೆಟೊ ಹಾಕುವುದಿದ್ದರೆ ಮಾತ್ರ ಕೋಸಂಬರಿಯ ನಿಯಮ: ತಿನ್ನುವಾಗ ಹೆಚ್ಚಿ ಹಾಕು.

ಈಗ ನೀರುಳ್ಳಿ. ಇದಕ್ಕೆ ಅವಸರ ಮಾಡಬೇಡ. ಅರ್ಧ ಕೆಂಪು ನೀರುಳ್ಳಿ ಸಾಕು. ಪೇಟೆಯಲ್ಲಿ ಉದ್ದುದ್ದ ನೇರಳೆ ಬಣ್ಣದ ತ್ರೊಪೆಯಾ ನೀರುಳ್ಳಿ ಸಿಗುತ್ತದಲ್ಲ, ದಕ್ಷಿಣ ಇಟಲಿಯ ಕಲಾಬ್ರಿಯಾದ್ದು, ಸಿಹಿಯಾಗಿರುತ್ತದೆ, ಅದಾದರೆ ಭೇಷ್. ಕಾಗದದಷ್ಟು ತೆಳ್ಳಗೆ ಕೊಯ್ಯಿ. ಕೊಯ್ದ ಕೂಡಲೇ ಹೊರಬರುವ ಗಂಧಕದ ಅಂಶವೇ ಕಣ್ಣೀರಿಗೂ ಕಾರಣ, ಬಾಯಿಯ ಘಾಟಿಗೂ ಕಾರಣ. ಹತ್ತು ನಿಮಿಷ ತಣ್ಣೀರಲ್ಲಿ ಮುಳುಗಿಸಿಟ್ಟು, ಹಿಂಡಿ ತೆಗೆದರೆ ಅದು ಬಹಳಷ್ಟು ತೊಳೆದು ಹೋಗುತ್ತದೆ. ಕರುಕುರು ಮಾತ್ರ ಉಳಿಯುತ್ತದೆ. ಮಧ್ಯಾಹ್ನ ಮೀಟಿಂಗ್ ಇರುವವಳು ಹಸಿ ನೀರುಳ್ಳಿ ತಿಂದು ಹೋಗಿ ಮಾತಾಡಬೇಕಲ್ಲ, ಆ ಹತ್ತು ನಿಮಿಷ ನಿನ್ನ ಪಕ್ಕ ಕೂರುವವರಿಗಾಗಿ.

ಸೊಪ್ಪಿಗೆ ಕೊತ್ತಂಬರಿ ಹುಡುಕಿಕೊಂಡು ಊರೆಲ್ಲ ಅಲೆಯಬೇಡ. ಅಲ್ಲಿನ ಪಾರ್ಸ್ಲಿ ಹಾಕು. ಕಿಟಕಿಯಲ್ಲಿ ಬೆಳೆಸಿದ ತುಳಸಿಯಂಥ ಬೇಸಿಲ್ ಇದ್ದರೆ ನಾಲ್ಕು ಎಲೆ ಹರಿದು ಹಾಕು. ಹಸಿಮೆಣಸು ಒಂದು ಅರ್ಧ, ಸಣ್ಣಗೆ ಹೆಚ್ಚಿ. ಇದು ಇಟಲಿಯವರ ಪಾಕದಲ್ಲಿ ಇಲ್ಲ. ಆದರೆ ಖಾರವೇ ಇಲ್ಲದ್ದನ್ನು ನನ್ನ ಮಗಳು ಎಷ್ಟು ದಿನ ತಿಂದಾಳು! ಒಗ್ಗರಣೆ ಮಾತ್ರ ಬೇಡ. ನಾನೇ ಒಗ್ಗರಣೆ ಬೇಡ ಅನ್ನುತ್ತಿದ್ದೇನೆ, ದಿನಾಂಕ ಬರೆದಿಟ್ಟುಕೋ. ಒಳ್ಳೆಯ ಆಲಿವ್ ಎಣ್ಣೆಯ ಪರಿಮಳದ ಮೇಲೆ ಸಾಸಿವೆ, ಕರಿಬೇವು ಕೂತರೆ ಎರಡೂ ಕೆಡುತ್ತವೆ. ಮೇಯನೇಸ್ ಹಾಕುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಇನ್ನು ಮೀನು. ಟಿನ್ ಮೀನು ಅಂದ ಕೂಡಲೇ ನೀನು ಮೂಗು ಮುರಿಯುತ್ತೀ. ನಮ್ಮಲ್ಲೂ ಟ್ಯೂನಾಕ್ಕೆ ಅಂಥ ಮರ್ಯಾದೆ ಇಲ್ಲ, ಒಪ್ಪುತ್ತೇನೆ. ಅಂಜಲ್, ಮಾಂಜಿ ಇರುವ ಬುಟ್ಟಿಯಲ್ಲಿ ಕೇದರ, ಅಂದರೆ ಟ್ಯೂನಾದ ಕಡೆ ಯಾರು ನೋಡುತ್ತಾರೆ? ಕಪ್ಪು ಮಾಂಸ, ರಕ್ತ ಜಾಸ್ತಿ ಅಂತ ಪಕ್ಕಕ್ಕಿಡುತ್ತಾರೆ. ಆದರೆ ಎಣ್ಣೆಯಲ್ಲಿ ಮುಳುಗಿ ಕೂತ ಟ್ಯೂನಾದ ರುಚಿಯೇ ಬೇರೆ. ಹಾಗೆ ನೋಡಿದರೆ ಇಲ್ಲಿ ನಾವೂ ಈಗ ಕೂಡಿಟ್ಟ ಮೀನನ್ನೇ ತಿನ್ನುತ್ತಿದ್ದೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಎಲ್ಲ ದಕ್ಕೆಯಲ್ಲಿ ಕಟ್ಟಿ ನಿಂತಿವೆ. ನಾಡದೋಣಿಯವರು ತಂದರೆ ಉಂಟು, ಅದಕ್ಕೂ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಮನೆಯಲ್ಲಿ ದಿನಾ ಒಣ ಸಿಗಡಿ ಚಟ್ನಿ. ಅಪ್ಪ ಒಂದು ಮಾತಾಡದೆ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಾರೆ.

ಆಲಿವ್ ಎಣ್ಣೆಯಲ್ಲಿ ಇಟ್ಟದ್ದನ್ನೇ ತಾ. ಆಗ ಆ ಎಣ್ಣೆಯನ್ನೂ ಸಲಾಡ್‌ಗೆ ಸುರಿಯಬಹುದು, ಮೀನಿನ ರುಚಿ ಅರ್ಧ ಅದರಲ್ಲೇ ಇಳಿದಿರುತ್ತದೆ. ಸೂರ್ಯಕಾಂತಿ ಎಣ್ಣೆಯದ್ದಾದರೆ ಬಸಿದುಬಿಡು. ಬರೀ ಉಪ್ಪುನೀರಿನದ್ದು ಬೇಡವೇ ಬೇಡ, ಹತ್ತಿ ಜಗಿದ ಹಾಗೆ. ಅಲ್ಲಿ ಮೂರು ಮೂರು ಕಟ್ಟಿ ಮಾರುವ 80 ಗ್ರಾಂ ಟಿನ್ ನಿನಗೆ ಹೇಳಿ ಮಾಡಿಸಿದ್ದು. ಮೀನನ್ನು ಪುಡಿ ಮಾಡಬೇಡ. ಫೋರ್ಕ್‌ನಿಂದ ದೊಡ್ಡ ದೊಡ್ಡ ಹಳಕು ಬಿಡಿಸಿ ಮೇಲೆ ಇಡು.

ಮೀನು ಯಾವಾಗ ಹಾಕಬೇಕು? ತಿನ್ನುವಾಗ. ಬೆಳಿಗ್ಗೆಯಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಓದು. ಡಬ್ಬಿಯಲ್ಲಿ ಕಾಳು, ನೀರುಳ್ಳಿ, ಸೊಪ್ಪು ಮಾತ್ರ ತುಂಬಿಕೊಂಡು ಹೋಗು. ಟಿನ್ ಮುಚ್ಚಿದ ಹಾಗೇ ಬ್ಯಾಗ್‌ನಲ್ಲಿ ಇರಲಿ. ಮಧ್ಯಾಹ್ನ ಮೇಜಿನ ಮೇಲೆ ಉಂಗುರ ಎಳೆದು ತೆಗೆ, ಅಂಚು ಬ್ಲೇಡ್‌ನಷ್ಟು ಹರಿತ, ಬೆರಳು ನೋಡಿಕೋ. ಟ್ಯೂನಾ, ಬಂಗುಡೆ, ಅಂಜಲ್ ಎಲ್ಲ ಒಂದೇ ಕುಟುಂಬದವು. ಇವುಗಳ ಮಾಂಸ ಬೆಚ್ಚಗೆ ಹೊರಗೆ ಬಿದ್ದಿದ್ದರೆ ಬ್ಯಾಕ್ಟೀರಿಯಾ ಸೇರಿ ಹಿಸ್ಟಮಿನ್ ಆಗುತ್ತದೆ. ಹಳಸಿದ ಬಂಗುಡೆ ತಿಂದರೆ ನಾಲಿಗೆ ಚುರುಗುಟ್ಟಿ ಮುಖ ಕೆಂಪಾಗಿ ಮೈಯೆಲ್ಲ ತುರಿಸುತ್ತದಲ್ಲ, ಅದೇ. ಒಮ್ಮೆ ಆಯಿತೆಂದರೆ ಕುದಿಸಿದರೂ ಹೋಗುವುದಿಲ್ಲ. ತೆರೆದ ಟಿನ್‌ನ ಮೀನು ಫ್ರಿಜ್‌ನ ಹೊರಗೆ ಎರಡು ಗಂಟೆ ದಾಟಬಾರದು. ನಿಮ್ಮಲ್ಲಿ ಈಗಿರುವ 35 ಡಿಗ್ರಿಯಲ್ಲಿ ಒಂದು ಗಂಟೆಯೇ ಜಾಸ್ತಿ. ಉಳಿದರೆ ಗಾಜಿನ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟು ಮಾರನೇ ದಿನ ಮುಗಿಸು. ಕಾಳಿನ ಡಬ್ಬಿಯೂ ರಾತ್ರಿ ಫ್ರಿಜ್‌ನಲ್ಲೇ ಇರಲಿ.

ಹಾಗಂತ ದಿನಾ ಟ್ಯೂನಾ ಬೇಡ. ದೊಡ್ಡ ಮೀನು ಚಿಕ್ಕ ಮೀನನ್ನು ತಿಂದು ತಿಂದು ಅದರ ಮೈಯಲ್ಲಿ ಪಾದರಸ ಸೇರುತ್ತದೆ. ವಾರಕ್ಕೆ ಎರಡು ಸಲ ಸಾಕು. ಮಧ್ಯೆ ಸ್ಗೊಂಬ್ರೊ ಅಂತ ಬರೆದ ಟಿನ್ ತಾ, ಅದು ನಮ್ಮ ಬಂಗುಡೆಯ ದಾಯಾದಿ. ಇನ್ನೊಂದು ದಿನ ಮೀನಿಲ್ಲದೆ ಬರೀ ಕಾಳು.

ಇದರ ಜೊತೆಗೆ ಆ ಊರಿನ ಉಪ್ಪಿಲ್ಲದ ಬ್ರೆಡ್. ಬರೀ ತಿಂದರೆ ಸಪ್ಪೆ, ನೀನು ಬೈದುಕೊಂಡಿದ್ದು ನೆನಪಿದೆ. ಡಬ್ಬಿಯ ತಳದಲ್ಲಿ ಉಳಿದ ಹುಳಿ, ಎಣ್ಣೆ, ಮೀನಿನ ರಸಕ್ಕೆ ಒತ್ತಿ ತಿಂದು ನೋಡು. ಉಪ್ಪು ಯಾಕೆ ಹಾಕಿಲ್ಲ ಅಂತ ಆಮೇಲೆ ಕೇಳುವುದಿಲ್ಲ.

ರೋಮ್‌ಗೆ ಹೋದಾಗ ಕೊಲೊನ್ನಾ ಅರಮನೆಯಲ್ಲಿ ಒಂದು ಚಿತ್ರ ನೋಡು. ಅನ್ನಿಬಾಲೆ ಕರಾಚ್ಚಿ 1580ರ ದಶಕದಲ್ಲಿ ಬರೆದದ್ದು. ಹುಲ್ಲಿನ ಟೋಪಿಯ ಒಬ್ಬ ಕೂಲಿಯವನು ಊಟಕ್ಕೆ ಕೂತಿದ್ದಾನೆ. ಮುಂದೆ ಬಟ್ಟಲು ತುಂಬ ಕಾಳು, ಪಕ್ಕದಲ್ಲಿ ಎಳೆ ನೀರುಳ್ಳಿ, ಬ್ರೆಡ್. ಚಮಚ ಬಾಯಿಯ ಹತ್ತಿರ ಬಂದಿದೆ, ಯಾರೋ ಬಾಗಿಲು ತೆಗೆದ ಹಾಗೆ ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದಾನೆ. ಬಟ್ಟಲಲ್ಲಿರುವುದು ಏನು ಗೊತ್ತಾ? ಕಪ್ಪು ಕಣ್ಣಿನ ಅಲಸಂಡೆ ಕಾಳು! ನಿನ್ನ ಬಿಳಿ ಬೀನ್ಸ್ ಅಮೆರಿಕ ಖಂಡದಿಂದ ಬಂದದ್ದು, ಕೊಲಂಬಸ್‌ನ ನಂತರ. ಅದಕ್ಕೂ ಮೊದಲು ಅವರೂ ನಮ್ಮ ಹಾಗೆ ಅಲಸಂಡೆಯವರೇ. ಅದನ್ನು ಈಗಲೂ ಅಲ್ಲಿ ಬೆಳೆಯುತ್ತಾರೆ. ಅಂಗಡಿಯಲ್ಲಿ ಅದರ ಟಿನ್ ಕಂಡರೆ ಬಿಡಬೇಡ, ಟ್ಯೂನಾಕ್ಕೆ ಚೆನ್ನಾಗಿ ಹೊಂದುತ್ತದೆ.

ಕೊನೆಗೆ ಒಂದು ಸಾಮಾನಿನ ಲೆಕ್ಕ. ಆಗಸ್ಟ್ 15 ಅಲ್ಲಿ ಫೆರಗೋಸ್ತೊ ರಜೆ. ಆ ದಿನಗಳಲ್ಲಿ ಊರಿಗೆ ಊರೇ ಸಮುದ್ರದ ಕಡೆ ಹೋಗಿ, ಚಿಕ್ಕ ಅಂಗಡಿಗಳೆಲ್ಲ ಬೀಗ ಹಾಕುತ್ತವೆ. ಅದಕ್ಕೂ ಮೊದಲೇ ಬೀನ್ಸ್, ಮೀನಿನ ಟಿನ್, ನಿಂಬೆಹಣ್ಣು ತಂದಿಟ್ಟುಕೋ. ಹಲಸಿನ ಹಪ್ಪಳ ಕಳಿಸಲಾ ಅಂತ ಅಪ್ಪ ಕೇಳುತ್ತಿದ್ದಾರೆ. ಅದನ್ನು ಕರಿಯಲು ಎಣ್ಣೆ ಕಾಯಿಸಬೇಕಲ್ಲ, ಅವಳಿಗೆ ಸೆಪ್ಟೆಂಬರ್‌ವರೆಗೆ ಬೇಡ ಅಂದೆ. ಮೈಕ್ರೋವೇವ್‌ನಲ್ಲಿ ಆಗುತ್ತದೆ ಅಂತ ಅವರ ವಾದ. ಬೇಕಾದರೆ ಹೇಳು, ಕಟ್ಟಿ ಇಟ್ಟಿದ್ದಾರೆ.

ನಿನ್ನ,
ಅಮ್ಮ